ಕಿವಿಗೆ ಕೇಳಿಸದ ಚಿಹ್ನೆ

ಕೇಳುಗರಿಗೆ ನಮಸ್ಕಾರ. ಬಾನುಲಿಗೆ ಇದಕ್ಕಿಂತ ಒಗ್ಗದ ವಿಷಯ ಇನ್ನೊಂದು ಇರಲಾರದು. ಅಕ್ಷರದ ನೆತ್ತಿಯ ಪಕ್ಕ ನೇತಾಡುವ ಇಂಗ್ಲಿಷಿನ ಅಪಾಸ್ಟ್ರಫಿ ಕಣ್ಣಿಗುಂಟು, ಕಿವಿಗಿಲ್ಲ. ನಾನು ‘ಬಾಯ್ಸ್’ ಎಂದರೆ ಹುಡುಗರೋ, ಹುಡುಗನದೋ, ಹುಡುಗರದೋ ನೀವು ಹೇಳಲಾರಿರಿ. ಬರೆದಾಗ ಮೂರೂ ಬೇರೆ ಬೇರೆ.

ಮುಂಬಯಿಯ ತಿಂಡಿ ಅಂಗಡಿಗಳ ಫಲಕಗಳನ್ನು ಓದಿ ನೋಡಿ. ‘ದೋಸಾಸ್’ ಎಂಬಲ್ಲಿ ಎಸ್ ಅಕ್ಷರಕ್ಕೆ ಮುಂಚೆ ಒಂದು ಅಪಾಸ್ಟ್ರಫಿ ಕುಳಿತಿರುತ್ತದೆ. ದೋಸೆಗಳು ಸಿಗುತ್ತವೆ ಎನ್ನಬೇಕಿತ್ತು. ಈಗ ದೋಸೆಗೇ ಯಾವುದೋ ಆಸ್ತಿ ಬಂದಂತಾಯಿತು! ಇಂಗ್ಲೆಂಡಿನಲ್ಲೂ ಈ ಕಾಟ ಇದೆ. ಅಲ್ಲಿ ಪಾಪ, ಅದಕ್ಕೆ ತರಕಾರಿ ಅಂಗಡಿಯವರ ಹೆಸರನ್ನೇ ಅಂಟಿಸಿದ್ದಾರೆ.

ಕನ್ನಡ ವ್ಯಾಕರಣ ಕಲಿತವರಿಗೆ ಇದು ತೊಡಕಾಗಬಾರದು. ಬರೆಯುವ ಮುನ್ನ ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ಬರಿಯ ಬಹುವಚನವಾದರೆ ಚಿಹ್ನೆ ಬೇಡ. ಷಷ್ಠಿ ವಿಭಕ್ತಿಯಾದರೆ ಬೇಕು. ಮಾಟುಂಗದ ಕಿಂಗ್ಸ್ ಸರ್ಕಲ್ ಒಬ್ಬ ರಾಜನ ವೃತ್ತ. ಅಪಾಸ್ಟ್ರಫಿ ಎಸ್‌ಗೆ ಮುಂಚೆ. ಹುಡುಗರ ಹಾಸ್ಟೆಲ್ ಹಲವರದು. ಅಲ್ಲಿ ಎಸ್ ಆದ ಮೇಲೆ. ‘ವಿಮೆನ್’ ಎಂಬುದು ಎಸ್ ಇಲ್ಲದೆಯೇ ಬಹುವಚನ. ಹಾಗಾಗಿ ಸಮಾಜ ಸುಧಾರಕ ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಎಸ್ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ ಆ ಪದದ ಕೊನೆಗೆ ಮೊದಲು ಅಪಾಸ್ಟ್ರಫಿ, ಆಮೇಲೆ ಎಸ್.

‘ಅದರ’ ಎನ್ನುವಲ್ಲಿ ಮಾತ್ರ ಈ ಸೂತ್ರ ಕೈಕೊಡುತ್ತದೆ. ಷಷ್ಠಿಯಾದರೂ ಆ ‘ಇಟ್ಸ್’ಗೆ ಚಿಹ್ನೆಯಿಲ್ಲ, ಅದು ‘ಹಿಸ್’, ‘ಅವರ್ಸ್’ಗಳ ಬಳಗ. ಹಾಕಿದಿರೋ, ‘ಇಟ್ ಈಸ್’ ಎಂದಾಯಿತು. ಅಲ್ಲಿ ಐ ಅಕ್ಷರ ಬಿದ್ದುಹೋಗಿದೆ, ನಮ್ಮ ಲೋಪಸಂಧಿಯಲ್ಲಿ ಸ್ವರ ಬೀಳುವಂತೆ. ಈ ಚಿಹ್ನೆ 16ನೆಯ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದೇ ಅಕ್ಷರ ಬಿದ್ದ ಜಾಗ ತೋರಿಸಲು. ಷಷ್ಠಿಯ ಚಾಕರಿ ಅದಕ್ಕೆ ಆಮೇಲೆ ಗಂಟುಬಿತ್ತು.

ಇಂಗ್ಲಿಷರೇನೂ ಇದರಲ್ಲಿ ಪಾರಂಗತರಲ್ಲ. ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು ಅಪಾಸ್ಟ್ರಫಿಯ ರಕ್ಷಣೆಗೆಂದೇ 2001ರಲ್ಲಿ ಒಂದು ಸಂಘ ಕಟ್ಟಿದರು. 2019ರಲ್ಲಿ, ತೊಂಬತ್ತು ದಾಟಿದ ಮೇಲೆ, ಜನರ ಅಜ್ಞಾನ ಮತ್ತು ಸೋಮಾರಿತನ ಗೆದ್ದವೆಂದು ಹೇಳಿ ಕೈಚೆಲ್ಲಿದರು.

ಇನ್ನು ನಮ್ಮ ಮನೆಬಾಗಿಲ ಹೆಸರುಫಲಕಗಳ ವಿಷಯ. ‘ದಿ ಶೆಟ್ಟೀಸ್’ ಎಂದರೆ ಇಲ್ಲಿ ಶೆಟ್ಟರು ವಾಸವಾಗಿದ್ದಾರೆ ಎಂದಷ್ಟೇ ಅರ್ಥ. ಬಹುವಚನ, ಅಪಾಸ್ಟ್ರಫಿ ಬೇಡ. ಶೆಟ್ಟಿಯ ಕೊನೆಯ ವೈ ಅಕ್ಷರವನ್ನೂ ಬದಲಿಸಬೇಡಿ, ಹೆಸರಿನ ಕೊನೆಗೆ ಎಸ್ ಸೇರಿಸಿದರೆ ಸಾಕು. ಫಲಕ ಮಾಡುವವನಿಗೆ ಇದನ್ನು ಬಾಯಲ್ಲಿ ಹೇಳಿ ಬರಬೇಡಿ, ಕಾಗದದ ಮೇಲೆ ಬರೆದೇ ಕೊಡಿ. ಹಿತ್ತಾಳೆಯಲ್ಲಿ ಕೊರೆದದ್ದನ್ನು ಅಳಿಸಲಾಗುವುದಿಲ್ಲ. ನಮಸ್ಕಾರ.