ಗೂಡಿನ ಲೆಕ್ಕ, ಲೇಖನದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ತುಮಕೂರು ಜಿಲ್ಲೆಯ ಶಿರಾ, ಪಾವಗಡ, ಮಧುಗಿರಿ ಕಡೆಯ ಕುರಿ, ಮೇಕೆ ಸಾಕಣೆಯ ಬಗ್ಗೆ ಅಧ್ಯಯನ ನಡೆಸುವ ಕಿರಿಯ ಸಂಶೋಧಕರಿಗೆ ವೈಜ್ಞಾನಿಕ ಬರವಣಿಗೆಯ ಕಾರ್ಯಾಗಾರವೊಂದನ್ನು ಏರ್ಪಡಿಸುವುದಾದರೆ, ಅಲ್ಲಿ ಪಾಠಕ್ಕೆ ಇಟ್ಟುಕೊಳ್ಳಬೇಕಾದ ಪ್ರಾಣಿ ಕುರಿಯಲ್ಲ, ಗಿನಿಪಿಗ್ ಎಂದರೆ ಕೆಲವರಿಗೆ ನಗು ಬರಬಹುದು. ನಮ್ಮ ಕಡೆ ಈ ಪುಟ್ಟ ಪ್ರಾಣಿ ಪ್ರಯೋಗಾಲಯದಲ್ಲಿಯೋ ಸಾಕುಪ್ರಾಣಿ ಮಾರುವ ಅಂಗಡಿಯಲ್ಲಿಯೋ ಕಾಣಸಿಗುತ್ತದೆಯೇ ಹೊರತು ರೈತರ ಹಟ್ಟಿಯಲ್ಲಲ್ಲ. ಆದರೆ ಪೆರು, ಬೊಲಿವಿಯಾ, ಈಕ್ವೆಡಾರ್ ದೇಶಗಳ ಆಂಡಿಸ್ ಪರ್ವತ ಸೀಮೆಯಲ್ಲಿ ಸಾವಿರಾರು ವರ್ಷಗಳಿಂದ ಅದನ್ನು ಮಾಂಸಕ್ಕಾಗಿ ಸಾಕುತ್ತ ಬಂದಿದ್ದಾರೆ. ಆಫ್ರಿಕಾದ ಕ್ಯಾಮರೂನ್ ಮತ್ತು ಪೂರ್ವ ಕಾಂಗೋ ಪ್ರದೇಶಗಳಲ್ಲಿ ತುಂಡು ಜಮೀನಿನ ಕುಟುಂಬಗಳು ಅಡುಗೆಮನೆಯ ಮೂಲೆಯಲ್ಲಿ, ಬಿದಿರು, ಹಲಗೆಗಳ ಗೂಡುಗಳಲ್ಲಿ ಅದನ್ನು ಸಾಕುತ್ತವೆ. ಆ ಸಾಕಣೆಯ ಮೇವು, ತಳಿ, ರೋಗಗಳ ಕುರಿತು ಸಂಶೋಧನೆಯೂ ನಡೆಯುತ್ತಿದೆ.

ದೂರದ ಈ ಪ್ರಾಣಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಕುರಿಯ ಕುರಿತ ಲೇಖನವೊಂದನ್ನು ಕಾರ್ಯಾಗಾರದಲ್ಲಿ ಮುಂದಿಟ್ಟರೆ, ಕುಳಿತವರಲ್ಲಿ ಯಾರೋ ಒಬ್ಬರು ಅದನ್ನು ಬರೆದವರ ಶಿಷ್ಯರಾಗಿರುತ್ತಾರೆ, ಇನ್ನೊಬ್ಬರು ಅದನ್ನು ಒಪ್ಪದವರ ಶಿಷ್ಯರಾಗಿರುತ್ತಾರೆ. ಚರ್ಚೆ ಬರವಣಿಗೆಯನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಗಿನಿಪಿಗ್‌ನ ಪರವಾಗಿ ಇಲ್ಲಿ ಯಾರಿಗೂ ಹಟವಿಲ್ಲ. ಜೊತೆಗೆ ಅದರ ಬದುಕಿನ ಸುತ್ತು ಚಿಕ್ಕದು: ಗರ್ಭಾವಧಿ ಸುಮಾರು 68 ದಿನ, ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ, ಮರಿಗಳು ಮೈತುಂಬ ಕೂದಲಿನೊಂದಿಗೆ, ಕಣ್ಣು ತೆರೆದುಕೊಂಡೇ ಹುಟ್ಟಿ, ಕೆಲವೇ ದಿನಗಳಲ್ಲಿ ಹುಲ್ಲು ಕಡಿಯತೊಡಗುತ್ತವೆ. ಹೀಗಾಗಿ ಒಂದು ಪ್ರಯೋಗದ ಆದಿ ಅಂತ್ಯಗಳನ್ನು ಒಂದೇ ಸಲ ಕುಳಿತು ವಿವರಿಸಿ, ಲೇಖನ ಎಲ್ಲಿ ಎಡವಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ಬಹುಪಾಲು ಸಂಶೋಧಕರು ಇಂಥ ಕಾರ್ಯಾಗಾರಕ್ಕೆ ಇಂಗ್ಲಿಷನ್ನು ತಿದ್ದಿಸಿಕೊಳ್ಳಲು ಬರುತ್ತಾರೆ. ಭಾಷೆಯ ತಪ್ಪನ್ನು ಯಾರಾದರೂ ತಿದ್ದಿಕೊಡಬಲ್ಲರು. ಪ್ರಯೋಗ ನಡೆಯುವಾಗ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳದೆ ಬಿಟ್ಟದ್ದನ್ನು ಮಾತ್ರ ಯಾವ ಸಂಪಾದಕನೂ ತುಂಬಿಕೊಡಲಾರ. ಲೇಖನದ ನಿಜವಾದ ದೋಷಗಳು ಹೆಚ್ಚಾಗಿ ಇರುವುದು ಅಲ್ಲಿ ಎಂಬುದು ನನ್ನ ಅಭಿಪ್ರಾಯ.

ಒಂದು ವಾಕ್ಯವನ್ನು ತೆಗೆದುಕೊಳ್ಳೋಣ: “ಪ್ರತಿ ಪ್ರಾಣಿಗೆ ದಿನಕ್ಕೆ 200 ಗ್ರಾಂ ನೇಪಿಯರ್ ಹುಲ್ಲನ್ನು ನೀಡಲಾಯಿತು.” ವ್ಯಾಕರಣದಲ್ಲಿ ಕುಂದಿಲ್ಲ, ಆದರೆ ಓದುಗನಿಗೆ ಇದರಿಂದ ದಕ್ಕುವುದು ಬಹಳ ಕಡಿಮೆ. ಹಸಿ ನೇಪಿಯರ್‌ನಲ್ಲಿ ಬಹುಭಾಗ ನೀರೇ ಇರುತ್ತದೆ. ಒಣ ಅಂಶ ನೂರಕ್ಕೆ 20ರಷ್ಟು ಎಂದಿಟ್ಟುಕೊಂಡರೆ, ಆ 200 ಗ್ರಾಂ ಹುಲ್ಲಿನಲ್ಲಿ ಪ್ರಾಣಿಗೆ ಸಿಕ್ಕ ನಿಜವಾದ ಮೇವು 40 ಗ್ರಾಂ ಮಾತ್ರ. ಹುಲ್ಲನ್ನು ಎಷ್ಟು ದಿನಕ್ಕೆ ಕೊಯ್ದರು, ಬೆಳಗಿನ ಇಬ್ಬನಿ ಆರುವ ಮುನ್ನವೋ ಮಧ್ಯಾಹ್ನವೋ, ಬಾಡಿಸಿ ಕೊಟ್ಟರೋ ಹಾಗೆಯೇ ಹಾಕಿದರೋ ಎಂಬುದರ ಮೇಲೆ ಈ ಲೆಕ್ಕ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮರುದಿನ ಗೂಡಿನಲ್ಲಿ ಉಳಿದ ದಂಟು. ಅದನ್ನು ತೂಗಿ ಕಳೆಯದೆ ಹೋದರೆ ನಾವು ಬರೆಯುವುದು ಕೊಟ್ಟ ಮೇವಿನ ಲೆಕ್ಕವೇ ಹೊರತು ತಿಂದ ಮೇವಿನದಲ್ಲ. ನಮ್ಮ ರೈತರು ಮೇವನ್ನು ತೆಕ್ಕೆಯಲ್ಲಿ, ಹೊರೆಯಲ್ಲಿ ಅಳೆಯುತ್ತಾರೆ, ಅವರ ಕೆಲಸಕ್ಕೆ ಅಷ್ಟು ಸಾಕು. ಸಂಶೋಧಕ ಅದೇ ತೆಕ್ಕೆಯನ್ನು ತಕ್ಕಡಿಗೆ ಹಾಕಿ, ಒಣಗಿಸಿ, ಮತ್ತೆ ತೂಗಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಎಣಿಕೆಯ ಪ್ರಶ್ನೆ. ಇಪ್ಪತ್ತನಾಲ್ಕು ಪ್ರಾಣಿಗಳನ್ನು ಎರಡು ಗೂಡುಗಳಲ್ಲಿ ಹನ್ನೆರಡರಂತೆ ಬಿಟ್ಟು, ಒಂದು ಗೂಡಿಗೆ ಬರೀ ಹುಲ್ಲು, ಇನ್ನೊಂದಕ್ಕೆ ಹುಲ್ಲಿನ ಜೊತೆ ದ್ವಿದಳ ಮೇವು ಹಾಕಿದರು ಎಂದುಕೊಳ್ಳೋಣ. ಲೇಖನದಲ್ಲಿ ಪ್ರತಿ ಗುಂಪಿಗೆ ಹನ್ನೆರಡು ಮಾದರಿ, ಅಂದರೆ ಬೇರೆ ಬೇರೆಯಾಗಿ ಎಣಿಸಬಹುದಾದ ಹನ್ನೆರಡು ಘಟಕ, ಎಂದು ಬರೆಯುತ್ತಾರೆ. ಆದರೆ ಮೇವು ಹಾಕಿದ್ದು ಗೂಡಿಗೆ, ಒಂದೊಂದು ಪ್ರಾಣಿಗಲ್ಲ. ಒಂದು ಗೂಡು ಬಿಸಿಲ ಗೋಡೆಗೆ ತಾಗಿಕೊಂಡಿದ್ದರೆ, ಒಂದರಲ್ಲಿ ಜಗಳಗಂಟ ಗಂಡೊಂದಿದ್ದರೆ, ಅದರ ಪರಿಣಾಮ ಹನ್ನೆರಡರ ಮೇಲೂ ಆಗುತ್ತದೆ. ಹಾಗಾಗಿ ಅಲ್ಲಿರುವುದು ಪ್ರತಿ ಮೇವಿಗೆ ಒಂದೇ ಮಾದರಿ. ಅವೇ ಪ್ರಾಣಿಗಳನ್ನು ಎರಡೆರಡರಂತೆ ಹನ್ನೆರಡು ಗೂಡುಗಳಿಗೆ ಹಂಚಿ, ಯಾವ ಗೂಡಿಗೆ ಯಾವ ಮೇವು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರೆ ಪ್ರತಿ ಮೇವಿಗೆ ಆರು ಮಾದರಿ ಸಿಗುತ್ತಿತ್ತು. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಟ್ಟೆಗೆ ರೋಗ ಹೊಕ್ಕರೆ ಏನಾಗುತ್ತದೆಂದು ಅವರು ಬಲ್ಲರು. ರೇಷ್ಮೆಯ ಪ್ರಯೋಗದಲ್ಲಿಯೂ ಎಣಿಸಬೇಕಾದದ್ದು ತಟ್ಟೆಗಳನ್ನು, ಒಂದೇ ತಟ್ಟೆಯ ನೂರಾರು ಹುಳುಗಳನ್ನಲ್ಲ.

ಗಿನಿಪಿಗ್‌ಗೆ ಮತ್ತೊಂದು ವಿಶೇಷವಿದೆ. ಮನುಷ್ಯನ ಹಾಗೆಯೇ ಅದರ ದೇಹವೂ ಸಿ ಜೀವಸತ್ವವನ್ನು ತಾನಾಗಿ ತಯಾರಿಸಿಕೊಳ್ಳಲಾರದು. ನಾರ್ವೆಯ ವಿಜ್ಞಾನಿಗಳಾದ ಹೋಲ್ಸ್ಟ್ ಮತ್ತು ಫ್ರೋಲಿಕ್ 1907ರಲ್ಲಿ ಧಾನ್ಯದ ಆಹಾರವನ್ನಷ್ಟೇ ಕೊಟ್ಟು ಈ ಪ್ರಾಣಿಗಳಲ್ಲಿ ಸ್ಕರ್ವಿ, ಅಂದರೆ ಸಿ ಜೀವಸತ್ವದ ಕೊರತೆಯ ರೋಗ, ಬರಿಸಿ ತೋರಿಸಿದ್ದರು. ಈಗ ಒಂದು ಗುಂಪಿಗೆ ಒಣ ಹಿಂಡಿಯನ್ನು ಮಾತ್ರ, ಇನ್ನೊಂದಕ್ಕೆ ಹಸಿರು ಮೇವನ್ನು ಕೊಟ್ಟು, ಎರಡನೆಯದು ಚೆನ್ನಾಗಿ ಬೆಳೆಯಿತು, ಆದ್ದರಿಂದ ಆ ಹುಲ್ಲಿನ ಪ್ರೋಟೀನ್ ಶ್ರೇಷ್ಠ ಎಂದು ಯಾರಾದರೂ ಬರೆದರೆ, ಮೊದಲ ಗುಂಪು ಸೊರಗಿದ್ದು ಪ್ರೋಟೀನ್ ಸಾಲದೆಯೋ ಸ್ಕರ್ವಿಯಿಂದಲೋ ಎಂಬ ಪ್ರಶ್ನೆಗೆ ಲೇಖನದಲ್ಲಿ ಉತ್ತರವಿರುವುದಿಲ್ಲ.

ಸತ್ತ ಮರಿಗಳ ವಿಷಯ ಇನ್ನೂ ಇಕ್ಕಟ್ಟಿನದು. ಬಡಕಲು ಮರಿಗಳು ಮೊದಲೇ ಸತ್ತು, ಗಟ್ಟಿಮುಟ್ಟಾದವು ಮಾತ್ರ ಕೊನೆಯ ತೂಕಕ್ಕೆ ಉಳಿದಾಗ ಗುಂಪಿನ ಸರಾಸರಿ ತಾನಾಗಿಯೇ ಏರುತ್ತದೆ. ಎಷ್ಟರಿಂದ ಆರಂಭಿಸಿದರು, ಯಾವ ವಾರದಲ್ಲಿ ಎಷ್ಟು ಹೋದವು, ಯಾವುದನ್ನು ಲೆಕ್ಕದಿಂದ ಕೈಬಿಟ್ಟರು, ಏಕೆ ಎಂಬುದನ್ನು ಬರೆಯದಿದ್ದರೆ ಆ ಸರಾಸರಿ ಓದುಗನನ್ನು ದಾರಿ ತಪ್ಪಿಸುತ್ತದೆ. ಪ್ರಾಣಿ ಪ್ರಯೋಗಗಳ ವರದಿಗೆಂದು 2010ರಲ್ಲಿ ಪ್ರಕಟವಾಗಿ 2020ರಲ್ಲಿ ಪರಿಷ್ಕೃತವಾದ ‘ಅರೈವ್’ ಮಾರ್ಗಸೂಚಿಗಳು ಇದನ್ನೇ ಕೇಳುತ್ತವೆ. ಆ ಮಾರ್ಗಸೂಚಿಗಳನ್ನು ಪತ್ರಿಕೆಗೆ ಲೇಖನ ಕಳುಹಿಸುವ ಹಿಂದಿನ ರಾತ್ರಿ ಓದುವ ರೂಢಿ ಮಾತ್ರ ಬೆಳೆದುಬಿಟ್ಟಿದೆ. ನಮ್ಮ ದೇಶದಲ್ಲಿ ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯ ಅಡಿಯಲ್ಲಿ ಪಡೆಯಬೇಕಾದ ನೈತಿಕ ಸಮಿತಿಯ ಅನುಮತಿಯೂ ಪ್ರಯೋಗಕ್ಕೆ ಮೊದಲೇ ಕೈಯಲ್ಲಿರಬೇಕು.

ಫಲಿತಾಂಶದ ಕೋಷ್ಟಕಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ತೂಗಿ, ಸರಾಸರಿಯನ್ನು ದಶಾಂಶದ ಮೂರು ಸ್ಥಾನಗಳವರೆಗೆ ಬರೆಯುವುದು ಸೋಗು, ಅಷ್ಟೆ. ಚರ್ಚೆಯ ಭಾಗದಲ್ಲಿ ಮಾತ್ರ ಬಿಗಿ ಬೇಕು. ಎಂಟು ವಾರ ತೂಕ ನೋಡಿದ ಪ್ರಯೋಗವೊಂದು “ಈ ಮೇವಿನಿಂದ ರೈತರ ಆದಾಯ ಹೆಚ್ಚುತ್ತದೆ” ಎಂದು ಮುಗಿಯುವುದನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಆದಾಯವನ್ನು ಅಲ್ಲಿ ಯಾರೂ ಅಳೆದಿರಲಿಲ್ಲ. ಮೇವು ಕೊಯ್ದು ತರುವ ಹೆಂಗಸರ ದುಡಿಮೆಯ ಹೊತ್ತನ್ನಂತೂ ಅಳೆದಿರುವುದೇ ಇಲ್ಲ.

ಈ ಕಾರಣಗಳಿಂದ, ಕಾರ್ಯಾಗಾರಕ್ಕೆ ಬರುವವರು ಮುಗಿದ ಲೇಖನಕ್ಕೆ ಬದಲಾಗಿ ಮುಂದಿನ ಪ್ರಯೋಗದ ಖಾಲಿ ಕೋಷ್ಟಕಗಳನ್ನು ತರಲಿ ಎಂಬುದು ನನ್ನ ಸಲಹೆ. ಮೇಲಿನ ಶೀರ್ಷಿಕೆ, ಪಕ್ಕದ ಸಾಲುಗಳ ಹೆಸರು, ಪ್ರತಿ ಮನೆಯಲ್ಲಿ ಬರಬೇಕಾದ ಅಂಕಿಯ ಅಳತೆ, ಅದನ್ನು ಯಾರು ಯಾವ ದಿನ ತೂಗುತ್ತಾರೆ ಎಂಬ ಟಿಪ್ಪಣಿ, ಇಷ್ಟಿದ್ದರೆ ಸಾಕು. ಪಕ್ಕದಲ್ಲಿ ಕುಳಿತವರು ಅದನ್ನು ಓದಿ, ಇದೇ ಪ್ರಯೋಗವನ್ನು ತಾವು ಮಾಡುವುದಾದರೆ ಎಲ್ಲೆಲ್ಲಿ ಕೈ ಕಟ್ಟಿ ನಿಲ್ಲಬೇಕಾಗುತ್ತದೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಡಲಿ. ಆ ಹೊತ್ತಿಗೆ ಕುರಿಗಳು ಇನ್ನೂ ಹಟ್ಟಿಯಲ್ಲೇ ಇರುತ್ತವೆ, ಬಿಟ್ಟುಹೋದದ್ದನ್ನು ಸೇರಿಸಿಕೊಳ್ಳಲು ಸಮಯವೂ ಇರುತ್ತದೆ.

ನಮಸ್ಕಾರ.