ಶಿಳ್ಳೆ ಊದಿದವರ ಮೇಲೇಕೆ ಸಿಟ್ಟು?

ಕೇಳುಗರಿಗೆಲ್ಲ ನಮಸ್ಕಾರ.

ರಗ್ಬಿ ನೋಡುವ ನಾಲ್ಕು ಜನ ಒಂದೆಡೆ ಸೇರಿದರೆ 2023ರ ವಿಶ್ವಕಪ್ ಫೈನಲ್ ಮಾತು ಬರದೇ ಇರುವುದಿಲ್ಲ. ಅಕ್ಟೋಬರ್ 28ರ ರಾತ್ರಿ, ಪ್ಯಾರಿಸ್ ಪಕ್ಕದ ಸ್ಟಾಡ್ ದ ಫ್ರಾನ್ಸ್ ಮೈದಾನ. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಬರೀ ಒಂದು ಅಂಕದ ಅಂತರ. ಟ್ರೈ ಹೊಡೆದವರು ಸೋತರು, ಒಂದೂ ಟ್ರೈ ಹೊಡೆಯದವರು ಕಪ್ ಎತ್ತಿದರು. ಇದು ನ್ಯಾಯವಾ ಅಂತ ಹೊಸದಾಗಿ ಆಟ ನೋಡುವವರು ಕೇಳುತ್ತಾರೆ.

ನ್ಯಾಯವೇ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ಅದರ ಬೆನ್ನಿಗೇ ಒಂದು ಒದೆತ, ಕನ್ವರ್ಷನ್, 2 ಅಂಕ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿಯನ್ನು ಕಂಬಗಳ ನಡುವೆ ಒದ್ದರೆ 3. ದಕ್ಷಿಣ ಆಫ್ರಿಕಾದ ಪೊಲಾರ್ಡ್ ಅವತ್ತು ನಾಲ್ಕು ಪೆನಾಲ್ಟಿ ಒದ್ದರು. ಲೆಕ್ಕ ಅಲ್ಲಿಗೆ ಮುಗಿಯಿತು. ನ್ಯೂಜಿಲೆಂಡಿನ ಬೋಡನ್ ಬ್ಯಾರೆಟ್ ಟ್ರೈ ಹೊಡೆದದ್ದು ಮೈದಾನದ ಅಂಚಿನಲ್ಲಿ. ಚೆಂಡು ಎಲ್ಲಿ ನೆಲ ಮುಟ್ಟಿತೋ ಅದರ ನೇರಕ್ಕೇ ನಿಂತು ಕನ್ವರ್ಷನ್ ಒದೆಯಬೇಕು. ಅಂಚಿನಿಂದ ಒದೆಯುವುದು ಕಷ್ಟ. ಮೊವುಂಗಾ ಒದ್ದದ್ದು ತಪ್ಪಿತು. ಆಮೇಲೆ ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದ ಪೆನಾಲ್ಟಿಯೂ ತಪ್ಪಿತು.

ಆದರೆ ಜನ ಜಗಳ ಆಡುವುದು ಒದೆತದ ಬಗ್ಗೆ ಅಲ್ಲ, ಕಾರ್ಡಿನ ಬಗ್ಗೆ. ಚೆಂಡು ಹಿಡಿದವನನ್ನು ಹಿಡಿದು ಕೆಡವುವುದಕ್ಕೆ ಟ್ಯಾಕಲ್ ಅನ್ನುತ್ತಾರೆ. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಅವರ ಟ್ಯಾಕಲ್ ಎದುರಾಳಿಯ ತಲೆಗೆ ತಾಗಿತು. ರೆಫರಿ ವೇಯ್ನ್ ಬಾರ್ನ್ಸ್ ಹಳದಿ ಕಾರ್ಡ್ ತೋರಿಸಿದರು. ಹಳದಿ ಅಂದರೆ 10 ನಿಮಿಷ ಹೊರಗೆ. ಅಷ್ಟರಲ್ಲಿ ಬಂಕರ್ ಅನ್ನುವ ಕೋಣೆಯಲ್ಲಿ ಕೂತ ಅಧಿಕಾರಿ ವಿಡಿಯೊ ನೋಡಿ ಅದನ್ನು ಕೆಂಪಾಗಿ ಬದಲಿಸಿದರು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಕಂಡ ಮೊದಲ ಆಟಗಾರ ಕೇನ್. ಉಳಿದ ಆಟವನ್ನೆಲ್ಲ ಅವರ ತಂಡ ಒಬ್ಬನಿಲ್ಲದೇ ಆಡಿತು. ದ್ವಿತೀಯಾರ್ಧದಲ್ಲಿ ದಕ್ಷಿಣ ಆಫ್ರಿಕಾ ನಾಯಕ ಸಿಯಾ ಕೊಲಿಸಿ ಕೂಡ ಹಾಗೇ ತಲೆಗೆ ತಾಗಿಸಿದರು. ಅವರದ್ದು ಹಳದಿಯಲ್ಲೇ ನಿಂತಿತು.

ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ಹಳದಿ, ಯಾಕೆ? ನಿಯಮ ನೋಡುವುದು ತಲೆಗೆ ತಾಗಿತೇ ಅನ್ನುವುದನ್ನು ಮಾತ್ರ ಅಲ್ಲ. ಎಷ್ಟು ಬಲವಾಗಿ ಬಿತ್ತು, ಅಪಾಯ ಎಷ್ಟಿತ್ತು, ತಪ್ಪನ್ನು ತಗ್ಗಿಸುವ ಕಾರಣ ಏನಾದರೂ ಇತ್ತೇ ಅಂತ ಒಂದೊಂದಾಗಿ ತೂಗಿ ನೋಡುತ್ತಾರೆ. ಈ ಎರಡು ನಿರ್ಧಾರಗಳೂ ನನಗೆ ಒಪ್ಪಿಗೆ. ತಲೆಗೆ ಬಿದ್ದ ಪೆಟ್ಟಿನಿಂದ ಎಷ್ಟೋ ಹಳೆಯ ಆಟಗಾರರು ಇವತ್ತು ನೆನಪು ಕಳೆದುಕೊಂಡು ಬದುಕುತ್ತಿದ್ದಾರೆ. ಕಟ್ಟುನಿಟ್ಟು ಬೇಕೇ ಬೇಕು. ದಕ್ಷಿಣ ಗೋಳಾರ್ಧದ ಟೂರ್ನಿಗಳಲ್ಲಿ ಮುಂಚೆಯೇ ಇದ್ದ ಒಂದು ಪ್ರಯೋಗ ಆ ಫೈನಲ್ ಆದ ಮೇಲೆ ಬೇರೆಡೆಗೂ ಬಂತು. ಕೆಂಪು ಕಾರ್ಡ್ ಬಿದ್ದ 20 ನಿಮಿಷಕ್ಕೆ ಬೇರೆ ಆಟಗಾರನನ್ನು ಇಳಿಸಬಹುದು. ಫ್ರಾನ್ಸ್ ಇದನ್ನು ವಿರೋಧಿಸಿತು. ನಾನೂ ಫ್ರಾನ್ಸ್ ಕಡೆಗೇ. ಶಿಕ್ಷೆ ಹಗುರವಾದರೆ ಭಯವೂ ಹಗುರವಾಗುತ್ತದೆ, ಅಲ್ವಾ?

ನಾನು ಒಪ್ಪದ ನಿರ್ಧಾರ ಒಂದಿದೆ. ಅದೇ ಫೈನಲ್‌ನಲ್ಲಿ ನ್ಯೂಜಿಲೆಂಡಿನ ಆರನ್ ಸ್ಮಿತ್ ಹೊಡೆದ ಟ್ರೈ ರದ್ದಾಯಿತು. ಅದಕ್ಕೂ ಸ್ವಲ್ಪ ಮುಂಚೆ, ಮೈದಾನದಾಚೆ ಹೋದ ಚೆಂಡನ್ನು ಎರಡು ಸಾಲಿನ ನಡುವೆ ಎಸೆದು ಆಟ ಮತ್ತೆ ಶುರು ಮಾಡುವ ಲೈನ್‌ಔಟ್‌ನಲ್ಲಿ, ಚೆಂಡು ಕೈತಪ್ಪಿ ಮುಂದಕ್ಕೆ ಹೋಗಿತ್ತು, ಅದೇ ನಾಕ್‌ಆನ್. ತಪ್ಪು ಆಗಿದ್ದು ನಿಜ. ಆದರೆ ವಿಡಿಯೊ ಅಧಿಕಾರಿ ಅಂಥ ತಪ್ಪನ್ನು ಹುಡುಕಿಕೊಂಡು ಎರಡು ಫೇಸ್‌ಗಿಂತ ಹಿಂದಕ್ಕೆ ಹೋಗುವಂತಿರಲಿಲ್ಲ. ಫೇಸ್ ಅಂದರೆ ಒಂದು ಟ್ಯಾಕಲ್‌ನಿಂದ ಇನ್ನೊಂದರವರೆಗಿನ ಆಟ. ಅವತ್ತಿನ ವಿಡಿಯೊ ಅಧಿಕಾರಿ ಟಾಮ್ ಫೋಲಿ ಅದಕ್ಕಿಂತ ಹಿಂದಕ್ಕೆ ಹೋದರು. ಈ ವಾದವನ್ನು ನಾನು ಯಾರ ಜೊತೆ ಬೇಕಾದರೂ ಮಾಡುತ್ತೇನೆ.

ವಾದ ಸರಿ. ಅದರಾಚೆ ನಡೆದದ್ದು ಸರಿಯಲ್ಲ. ಫೋಲಿಗೂ ಅವರ ಮನೆಯವರಿಗೂ ಬೆದರಿಕೆಗಳು ಬಂದವು. ಬಾರ್ನ್ಸ್ ಅವರಿಗೂ ಬಂದವು. ಅವರಿಗೆ ಇದು ಹೊಸದೂ ಆಗಿರಲಿಲ್ಲ. 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಕಾರ್ಡಿಫ್‌ನಲ್ಲಿ. ಫ್ರಾನ್ಸ್ 20-18ರಿಂದ ನ್ಯೂಜಿಲೆಂಡನ್ನು ಮನೆಗೆ ಕಳಿಸಿತು. ಗೆಲುವಿನ ಟ್ರೈಗೆ ಮುಂಚೆ ಫ್ರಾನ್ಸಿನವರು ಚೆಂಡನ್ನು ಮುಂದಕ್ಕೆ ಎಸೆದಿದ್ದರು. ರಗ್ಬಿಯಲ್ಲಿ ಕೈಯಿಂದ ಮುಂದಕ್ಕೆ ಪಾಸ್ ಮಾಡುವಂತಿಲ್ಲ. ಬಾರ್ನ್ಸ್ ಕಣ್ಣಿಗೆ ಅದು ಬೀಳಲಿಲ್ಲ. ಅಂಥ ಪಾಸನ್ನು ವಿಡಿಯೊದಲ್ಲಿ ನೋಡಿ ಹೇಳುವ ಅವಕಾಶ ಆಗ ಇರಲಿಲ್ಲ. ಅವರಿಗೆ ಬರೀ 28 ವರ್ಷ. ಇಡೀ ಒಂದು ದೇಶ ಅವರನ್ನು ಬೈಯಿತು.

ರಗ್ಬಿ ಪ್ರೇಕ್ಷಕರಿಗೆ ಒಳ್ಳೆಯ ಹೆಸರಿದೆ, ಅದು ಸುಮ್ನೆ ಬಂದದ್ದಲ್ಲ. ಎರಡೂ ತಂಡದ ಅಭಿಮಾನಿಗಳು ಪಕ್ಕಪಕ್ಕದಲ್ಲೇ ಕೂರುತ್ತಾರೆ, ನಡುವೆ ಬೇಲಿ ಇಲ್ಲ. ರೆಫರಿಯ ಮೈಕ್ ಮಾತು ಟಿವಿಯಲ್ಲಿ ಕೇಳಿಸುತ್ತದೆ. ಯಾಕೆ ಶಿಳ್ಳೆ ಊದಿದೆ ಅಂತ ಅವರೇ ಬಿಡಿಸಿ ಹೇಳುತ್ತಾರೆ. ಐರ್ಲೆಂಡಿನ ಲಿಮರಿಕ್‌ನಲ್ಲಿ ಥಾಮಂಡ್ ಪಾರ್ಕ್ ಅಂತ ಮೈದಾನ ಇದೆ. ಎದುರಾಳಿ ಒದೆಯಲು ನಿಂತರೂ ಅಲ್ಲಿನ ಜನ ತುಟಿ ಬಿಚ್ಚುವುದಿಲ್ಲ. ಪ್ರೇಕ್ಷಕರು ತೋರುವ ಮರ್ಯಾದೆಯಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. 2023ರ ವಿಶ್ವಕಪ್‌ನಲ್ಲಿ ಮಾತ್ರ ಇಂಗ್ಲೆಂಡ್ ನಾಯಕ ಓವನ್ ಫ್ಯಾರೆಲ್ ಹೆಸರು ಕೂಗಿದಾಗಲೂ ಜನ ಹೋ ಅಂತ ಹೀಯಾಳಿಸಿದರು. ಮನಸ್ಸಿಗೆ ಬೇಸರವಾಯಿತು.

ಹಾಗಂತ ಮೈದಾನವೆಲ್ಲ ಸುಮ್ಮನಿರಬೇಕು ಅಂತ ನಾನು ಹೇಳುತ್ತಿಲ್ಲ. ನ್ಯೂಜಿಲೆಂಡಿನವರು ಆಟಕ್ಕೆ ಮುಂಚೆ ಹಾಕಾ ಅನ್ನುವ ಮಾವೊರಿ ಕುಣಿತ ಮಾಡುತ್ತಾರಲ್ಲ, ಆಗ ಇಂಗ್ಲೆಂಡ್ ಅಭಿಮಾನಿಗಳು ತಮ್ಮ ಹಾಡು ಎತ್ತಿಕೊಳ್ಳುತ್ತಾರೆ. ಕೆಲವರಿಗೆ ಅದು ಅವಮಾನ. ನನಗೆ ಅದು ಸವಾಲಿಗೆ ಕೊಟ್ಟ ಉತ್ತರ. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಆಟಗಾರರು ಹಾಕಾ ಎದುರು ವಿ ಆಕಾರದಲ್ಲಿ ನಿಂತರು. ಕೆಲವರು ಮಧ್ಯದ ಗೆರೆ ದಾಟಿದರು ಅಂತ ದಂಡ ಬಿತ್ತು. ಆ ದಂಡ ಬೇಕಿರಲಿಲ್ಲ. ಹಾಕಾ ಅಂದರೆ ಸವಾಲು, ಸವಾಲು ಹಾಕಿದ ಮೇಲೆ ಎದುರಿಗಿದ್ದವರು ಒಂದು ಹೆಜ್ಜೆ ಮುಂದಿಡುವುದು ಸಹಜ.

ಗೆರೆ ನಿಜವಾಗಿ ದಾಟಿದ್ದು 2002ರಲ್ಲಿ, ಡರ್ಬನ್‌ನಲ್ಲಿ. ದಕ್ಷಿಣ ಆಫ್ರಿಕಾಕ್ಕೂ ನ್ಯೂಜಿಲೆಂಡಿಗೂ ಪಂದ್ಯ. ಪ್ರೇಕ್ಷಕನೊಬ್ಬ ಮೈದಾನಕ್ಕೆ ನುಗ್ಗಿ ರೆಫರಿ ಡೇವಿಡ್ ಮೆಕ್‌ಹ್ಯೂ ಅವರನ್ನು ಕೆಡವಿದ. ಅವರ ಭುಜದ ಕೀಲು ತಪ್ಪಿತು. ಎರಡೂ ತಂಡದ ಆಟಗಾರರು ಓಡಿಬಂದು ಅವನನ್ನು ಎಳೆದು ಹಾಕಿದರು. ಬೇರೆ ರೆಫರಿ ಬಂದು ಆಟ ಮುಗಿಸಿದರು. ಡರ್ಬನ್‌ನಲ್ಲಿ ನುಗ್ಗಿದವನು ಕಣ್ಣಿಗೆ ಕಾಣುತ್ತಿದ್ದ, ಹಿಡಿಯಲು ಕೈಗಳಿದ್ದವು. ಫೋನಿನಲ್ಲಿ ಬೆದರಿಕೆ ಟೈಪ್ ಮಾಡುವವನನ್ನು ಎಳೆದು ಹಾಕಲು ಯಾವ ಆಟಗಾರ ಬರುತ್ತಾನೆ?

ಬಾರ್ನ್ಸ್ ಆ ಫೈನಲ್ ಆದ ಕೆಲವೇ ದಿನಕ್ಕೆ ನಿವೃತ್ತಿ ಹೇಳಿದರು. 111 ಟೆಸ್ಟ್ ಪಂದ್ಯ, ಅಂದರೆ ದೇಶ ದೇಶಗಳ ನಡುವಿನ ಪಂದ್ಯ, ನಡೆಸಿದ ರೆಫರಿ ಅವರು, ಅದು ದಾಖಲೆ. ಫೋಲಿ ಕೂಡ ಅದೇ ವರ್ಷದ ಕೊನೆಗೆ ಅಂತಾರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು. ಆ ಟ್ರೈ ರದ್ದು ಮಾಡಿದ್ದು ತಪ್ಪು ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಫೋಲಿ ಆ ಕುರ್ಚಿ ಬಿಟ್ಟು ಹೋಗಬೇಕಾಗಿ ಬಂದದ್ದು ಅದಕ್ಕಿಂತ ದೊಡ್ಡ ತಪ್ಪು, ಮತ್ತು ಅದನ್ನು ಮಾಡಿದವರು ಅಭಿಮಾನಿಗಳು.

ನಮಸ್ಕಾರ.