ಸ್ವರ ಅದೇ, ನಾದ ಬೇರೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಗಿಟಾರ್ ವಾದಕ ಲಿಂಕ್ ರೇ ಒಮ್ಮೆ ತನ್ನ ಆಂಪ್ಲಿಫೈಯರ್‌ನ ಸ್ಪೀಕರ್‌ಗೆ ಪೆನ್ಸಿಲ್‌ನಿಂದ ತೂತು ಹೊಡೆದ. ಸಿಟ್ಟು ಬಂದು ಅಲ್ಲ. ಗಿಟಾರ್ ತೀರಾ ನಯವಾಗಿ ಕೇಳುತ್ತಿತ್ತು, ಅವನಿಗೆ ಹರಕು ದನಿ ಬೇಕಿತ್ತು. ಆ ದನಿಯಲ್ಲೇ 1958ರಲ್ಲಿ ‘ರಂಬಲ್’ ಹೊರಬಂತು. ಅದರಲ್ಲಿ ಹಾಡುವವರಿಲ್ಲ, ಒಂದು ಪದವೂ ಇಲ್ಲ. ಆದರೂ ಅಲ್ಲಿನ ಕೆಲವು ರೇಡಿಯೋ ಕೇಂದ್ರಗಳು ಅದನ್ನು ಹಾಕಲು ಒಪ್ಪಲಿಲ್ಲ. ರಂಬಲ್ ಎಂದರೆ ಆಗಿನ ಹುಡುಗರ ಬಾಯಲ್ಲಿ ಗುಂಪು ಹೊಡೆದಾಟ. ಹೆಸರಿಗೇ ಹೆದರಿದರು ಅನ್ನಿ. ಆದರೆ ಅದೇ ಹೆಸರಿಟ್ಟು ಅದೇ ಸ್ವರಗಳನ್ನು ಕೊಳಲಿನಲ್ಲಿ ನುಡಿಸಿದ್ದರೆ ಯಾರು ಹೆದರುತ್ತಿದ್ದರು?

ಗಿಟಾರ್‌ನವರು ‘ಟೋನ್’ ‘ಟೋನ್’, ಅಂದರೆ ನಾದದ ಬಣ್ಣ, ಎಂದು ತಲೆ ಕೆಡಿಸಿಕೊಳ್ಳುವುದು ಈ ವಿಷಯಕ್ಕೇ. ಎಲೆಕ್ಟ್ರಿಕ್ ಗಿಟಾರ್‌ನ ತಂತಿಯನ್ನು ಸುಮ್ಮನೆ ಮೀಟಿದರೆ ಪಕ್ಕದ ಕೋಣೆಗೂ ಸರಿಯಾಗಿ ಕೇಳುವುದಿಲ್ಲ. ಆ ಉಕ್ಕಿನ ತಂತಿಯ ಕೆಳಗೆ ಪಿಕಪ್ ಇರುತ್ತದೆ: ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ, ಸಾವಿರಾರು ಸುತ್ತು. ಮೇಲಿನ ತಂತಿ ನಡುಗಿದಾಗ ಕೆಳಗೆ ತುಸು ವಿದ್ಯುತ್ ಹುಟ್ಟುತ್ತದೆ. ನಮಗೆ ಕೇಳುವುದೆಲ್ಲ ಅದು ದೊಡ್ಡದಾಗಿ ಬಂದದ್ದು. ಪಿಕಪ್ ತಂತಿಯ ತುದಿಯ ಹತ್ತಿರ, ಅಂದರೆ ಬ್ರಿಡ್ಜ್ ಪಕ್ಕ ಇದ್ದರೆ ದನಿ ಚುರುಕು, ಕತ್ತರಿಸಿದ ಹಾಗೆ. ಕತ್ತಿನ ಕಡೆಗೆ ಇದ್ದರೆ ದುಂಡು, ತುಂಬು. ಕೆಲವೇ ಅಂಗುಲದ ವ್ಯತ್ಯಾಸ, ಅಷ್ಟೇ.

ಫೆಂಡರ್ ಕಂಪನಿ 1954ರಲ್ಲಿ ತಂದ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರ್‌ನಲ್ಲಿ ಪಿಕಪ್ ಮೂರು, ಅವುಗಳನ್ನು ಆರಿಸುವ ಸ್ವಿಚ್‌ಗೂ ಮೂರೇ ಜಾಗ. ನುಡಿಸುವವರು ಸುಮ್ಮನಿರಬೇಕಲ್ಲ! ಎರಡು ಜಾಗಗಳ ನಡುವೆ ಸ್ವಿಚ್ಚನ್ನು ಉಪಾಯವಾಗಿ ನಿಲ್ಲಿಸಿದರು. ಎರಡು ಪಿಕಪ್ ಒಟ್ಟಿಗೆ ಮಾತಾಡಿ, ಸ್ವಲ್ಪ ಟೊಳ್ಳಾದ, ಬಾತುಕೋಳಿ ಕೂಗಿದಂಥ ದನಿ ಬಂತು. ಜನಕ್ಕೆ ಅದೇ ಇಷ್ಟವಾಯಿತು. ಕೊನೆಗೆ 1977ರಲ್ಲಿ ಫೆಂಡರ್ ಕಂಪನಿಯೇ ಐದು ಜಾಗದ ಸ್ವಿಚ್ ಹಾಕಿಕೊಟ್ಟಿತು.

ಇಷ್ಟೆಲ್ಲ ಯಾಕೆ ಎಂದರೆ, ಟೋನ್ ನುಡಿಸುವವರ ಕೈಯನ್ನೇ ಬದಲಿಸುತ್ತದೆ. ಗಾಜಿನ ಕೊಳವೆಗಳಿಂದ ನಡೆಯುವ ವಾಲ್ವ್ ಆಂಪ್ಲಿಫೈಯರ್‌ಗೆ ಅದು ತಾಳುವುದಕ್ಕಿಂತ ಜೋರು ಸಿಗ್ನಲ್ ನುಗ್ಗಿಸಿ ನೋಡಿ. ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಮೂಲ ಸ್ವರದ ಜೊತೆ ಹೊಸ ಉಪಸ್ವರಗಳು ಹುಟ್ಟುತ್ತವೆ, ಮೀಟಿದ ಸ್ವರ ಬೇಗ ಸಾಯದೆ ಎಳೆಯುತ್ತದೆ. ಸ್ವರ ನಿಲ್ಲುತ್ತದೆ ಎಂದು ಗೊತ್ತಾದ ಮೇಲೆ ಬೆರಳಿಗೆ ಅವಸರವಿಲ್ಲ; ಒಂದೇ ಸ್ವರವನ್ನು ಹಿಡಿದು ಅಲುಗಿಸುತ್ತಾ ಕೂರಬಹುದು. ಅದೇ ಕೈಗೆ ತೊಳೆದಿಟ್ಟಂಥ ಒಣ ದನಿ ಕೊಡಿ, ಸ್ವರ ಆರಿಹೋಗುವ ಮೊದಲೇ ಇನ್ನೊಂದಕ್ಕೆ ಓಡುತ್ತದೆ. ಒಂದೇ ರಾಗ, ಎರಡು ಬಗೆಯ ನುಡಿಕೆ.

ಹಾಗೆಂದು ಕಾಲಿನಿಂದ ಒತ್ತಿ ದನಿ ಬದಲಿಸುವ ಪೆಡಲ್ ಪೆಟ್ಟಿಗೆ ತುಂಬ ಕೊಂಡರೆ ಟೋನ್ ಬಂದೀತು ಎನ್ನುವ ನಂಬಿಕೆ ನನಗಿಲ್ಲ. ಇಂಗ್ಲೆಂಡಿನ ರಾಕ್ ತಂಡ ಕ್ವೀನ್‌ನ ಗಿಟಾರ್ ವಾದಕ ಬ್ರಯಾನ್ ಮೇ, ತಂದೆಯ ಜೊತೆ ಸೇರಿ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರದಿಂದ ಕತ್ತು ಕೆತ್ತಿ ಗಿಟಾರ್ ಮಾಡಿಕೊಂಡವರು. ಮೀಟುವುದಕ್ಕೆ ಪ್ಲಾಸ್ಟಿಕ್ ಪಿಕ್ ಬದಲು ಆರು ಪೆನ್ಸ್ ನಾಣ್ಯ. ನಾಣ್ಯದ ಅಂಚಿನ ಗೀರುಗಳು ತಂತಿಗೆ ತಾಗುವ ಆ ಸಣ್ಣ ಕರಕರ ಸದ್ದು ಕೂಡ ಅವರ ದನಿಯ ಭಾಗ.

ಕೇಳುವವರಿಗೆ ಈ ನಾಣ್ಯ, ಸ್ವಿಚ್ಚು ಯಾವುದೂ ಗೊತ್ತಿರಬೇಕಾಗಿಲ್ಲ. ಬಾಗಿಲಾಚೆ ಕೆಮ್ಮಿದವರು ಯಾರೆಂದು ನಮಗೆ ತಿಳಿಯುತ್ತದಲ್ಲ, ಹಾಗೆ ಎರಡು ಸ್ವರ ಕೇಳುವಷ್ಟರಲ್ಲಿ ‘ಇದು ಅವರೇ’ ಎಂದುಬಿಡುತ್ತಾರೆ. ನುಡಿಸುವವರು ಎಡವುವುದೂ ಇಲ್ಲೇ, ನಾನೂ ಎಡವಿದ್ದೇನೆ. ವರ್ಷಗಳ ಹಿಂದೆ ಕೋಣೆಯಲ್ಲಿ ಒಬ್ಬನೇ ಕೂತು, ಆಂಪ್ಲಿಫೈಯರ್‌ನಲ್ಲಿ ಕೆಳದನಿಯ ಬಾಸ್ ಏರಿಸಿ, ಮೇಲ್ದನಿಯ ಟ್ರೆಬಲ್ ಏರಿಸಿ, ನಡುವಿನ ‘ಮಿಡ್’ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ಗೋಡೆ ಅದುರುವಂಥ ಗಂಭೀರ ನಾದ! ಅದನ್ನೇ ತಂಡದ ಜೊತೆ ವೇದಿಕೆಗೆ ಒಯ್ದೆ. ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಗೆಳೆಯ ಬಂದು, “ನಿನ್ನ ಕೈ ಆಡೋದು ಕಾಣ್ತಿತ್ತು ಕಣೋ, ಏನೂ ಕೇಳಿಸ್ಲಿಲ್ಲ” ಎಂದ. ಕೆಳಗಿನ ಜಾಗವನ್ನು ಬಾಸ್ ಗಿಟಾರ್ ಮತ್ತು ದೊಡ್ಡ ಡ್ರಮ್ ಹಿಡಿದಿದ್ದವು, ಮೇಲಿನದನ್ನು ತಾಳದ ತಟ್ಟೆಗಳು. ಗಿಟಾರ್‌ಗೆ ಉಳಿದಿದ್ದ ನಡುಮನೆಯನ್ನು ನಾನೇ ಖಾಲಿ ಮಾಡಿಕೊಟ್ಟಿದ್ದೆ.

ಮುಂದಿನ ಸಲ ಮಿಡ್ ಏರಿಸಿದೆ. ಒಬ್ಬನೇ ಕೇಳಿದಾಗ ಡಬ್ಬದೊಳಗಿಂದ ಮೂಗಿನಲ್ಲಿ ಹಾಡಿದ ಹಾಗಿತ್ತು, ನನಗೇ ನಾಚಿಕೆ. ವೇದಿಕೆ ಇಳಿದು ಬರುವಾಗ ಅದೇ ಗೆಳೆಯ ಎದುರಾದ. ಕೇಳಿದ್ದು ಒಂದೇ ಮಾತು: “ಹೊಸ ಗಿಟಾರ್ ತಗೊಂಡ್ಯಾ?”